ಲೋಲಕ, ಪಾವು ಕಿಲೋ ಮತ್ತು ಏಳನೇ ತರಗತಿ: ನಾಲ್ಕು ಬೋಧನಾ ವಿಧಾನಗಳ ಹೋಲಿಕೆ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಯ ಎರಡು ವಿಭಾಗಗಳಿಗೆ ಗಣಿತ ಮತ್ತು ವಿಜ್ಞಾನ ಎರಡನ್ನೂ ನಾನೇ ಬೋಧಿಸುತ್ತೇನೆ. ತರಬೇತಿಗೆ ಹೋದಾಗಲೆಲ್ಲ ‘ಆಸಕ್ತಿದಾಯಕ ಬೋಧನೆ’ ಎಂಬ ಮಾತು ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತದೆ. ಯಾವ ವಿಧಾನ ಯಾವ ಪಾಠಕ್ಕೆ ಹೊಂದುತ್ತದೆ ಎಂಬ ಚರ್ಚೆ ಮಾತ್ರ ಚಹಾದ ವೇಳೆಯಲ್ಲಿ ಶಿಕ್ಷಕರ ನಡುವೆಯಷ್ಟೇ ನಡೆಯುತ್ತದೆ. ಆದ್ದರಿಂದ ಎರಡು ಶೈಕ್ಷಣಿಕ ವರ್ಷಗಳ ಕಾಲ ಎರಡೇ ಪಾಠಗಳನ್ನು ಆರಿಸಿಕೊಂಡು, ಪ್ರತಿ ವಿಭಾಗಕ್ಕೆ ಬೇರೆ ಬೇರೆ ವಿಧಾನದಲ್ಲಿ ಬೋಧಿಸಿ, ಮೂರು ವಾರಗಳ ನಂತರ ಮುನ್ಸೂಚನೆ ಕೊಡದೆ ಒಂದು ಸಣ್ಣ ಪರೀಕ್ಷೆ ಇಟ್ಟು ನೋಡಿದೆ. ವಿಜ್ಞಾನದಲ್ಲಿ ‘ಚಲನೆ ಮತ್ತು ಕಾಲ’ದೊಳಗಿನ ಸರಳ ಲೋಲಕ (ದಾರದ ತುದಿಗೆ ಕಟ್ಟಿ ತೂಗಿಬಿಟ್ಟ ಗುಂಡು), ಗಣಿತದಲ್ಲಿ ಭಿನ್ನರಾಶಿಗಳ ಭಾಗಾಕಾರ. ವಿಧಾನಗಳು ನಾಲ್ಕು: ಕಪ್ಪು ಹಲಗೆಯ ವಿವರಣೆ, ಸ್ಮಾರ್ಟ್ ಕ್ಲಾಸಿನ ಪರದೆ, ಕೈಯಾರೆ ಮಾಡುವ ಚಟುವಟಿಕೆ, ಮತ್ತು ಚೀಟಿ ಎತ್ತಿಸಿ ವಾದಕ್ಕೆ ಹಚ್ಚುವುದು. ವಿಭಾಗಗಳು ಸಮಬಲದವಾಗಿರಲಿಲ್ಲ, ವರ್ಷ ಬದಲಾದಂತೆ ಮಕ್ಕಳೂ ಬದಲಾದರು. ಹೀಗಾಗಿ ಇದನ್ನು ಸಂಶೋಧನೆ ಎಂದು ಯಾರೂ ಭಾವಿಸಬಾರದು.

ಮೊದಲ ವರ್ಷ ‘ಎ’ ವಿಭಾಗಕ್ಕೆ ಲೋಲಕವನ್ನು ಹಲಗೆಯ ಮೇಲೆಯೇ ಬೋಧಿಸಿದೆ. ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಒಂದು ಆಂದೋಲನಕ್ಕೆ, ಅಂದರೆ ಗುಂಡು ಒಮ್ಮೆ ಆಚೆ ಹೋಗಿ ಮರಳಿ ಬರಲು, ತಗಲುವ ಕಾಲವು ದಾರದ ಉದ್ದವನ್ನು ಅವಲಂಬಿಸಿದೆ, ಗುಂಡಿನ ತೂಕವನ್ನಲ್ಲ ಎಂದು ಹೇಳಿ, ಎರಡು ಲೆಕ್ಕ ಬಿಡಿಸಿ ತೋರಿಸಿದೆ. ಎರಡು ಪಿರಿಯಡ್‌ಗಳಲ್ಲಿ ಪಾಠ ಮುಗಿಯಿತು. ಹಲಗೆಯನ್ನು ಹಳೆಯದೆಂದು ಹೀಗಳೆಯುವುದು ಈಗ ರೂಢಿಯಾಗಿದ್ದರೂ, ಲೆಕ್ಕದ ಹಂತಗಳನ್ನು ಕ್ರಮವಾಗಿ ಬರೆಯುವುದು ಹೇಗೆ, ಏಕಮಾನವನ್ನು ಎಲ್ಲಿ ನಮೂದಿಸಬೇಕು ಎಂಬುದನ್ನು ಈ ವಿಭಾಗದ ಮಕ್ಕಳು ಉಳಿದೆಲ್ಲರಿಗಿಂತ ಚೆನ್ನಾಗಿ ಕಲಿತರು. ಆದರೆ ‘ಕಬ್ಬಿಣದ ಗುಂಡಿನ ಬದಲು ಅಷ್ಟೇ ಗಾತ್ರದ ಮರದ ಗುಂಡನ್ನು ಕಟ್ಟಿದರೆ ಏನಾಗುತ್ತದೆ, ಏಕೆ?’ ಎಂಬ ಪ್ರಶ್ನೆಗೆ 32 ಮಕ್ಕಳಲ್ಲಿ ಸರಿಯಾದ ಉತ್ತರವನ್ನು ಕಾರಣಸಹಿತ ಬರೆದವರು 7 ಮಂದಿ ಮಾತ್ರ. ಉಳಿದವರಲ್ಲಿ ಹಲವರು ನಾನು ಹೇಳಿದ ವಾಕ್ಯವನ್ನು ಅಕ್ಷರಶಃ ಬರೆದು, ಅದರ ಕೆಳಗೆಯೇ ಮರದ ಗುಂಡು ಹಗುರವಾದ್ದರಿಂದ ನಿಧಾನವಾಗಿ ತೂಗುತ್ತದೆ ಎಂದೂ ಬರೆದಿದ್ದರು. ಎರಡೂ ಮಾತುಗಳು ಅವರ ತಲೆಯಲ್ಲಿ ಜಗಳವಾಡದೆ ಅಕ್ಕಪಕ್ಕದಲ್ಲಿ ಕುಳಿತಿದ್ದವು.

ಅದೇ ವರ್ಷ ‘ಬಿ’ ವಿಭಾಗಕ್ಕೆ ಟ್ರ್ಯಾಕ್ಟರ್ ಗ್ಯಾರೇಜಿನಿಂದ ತಂದ ಹಳೆಯ ನಟ್ಟುಗಳನ್ನೂ ಹೊಲಿಗೆ ದಾರವನ್ನೂ ಹಂಚಿದೆ. ಪಠ್ಯಪುಸ್ತಕದಲ್ಲಿರುವ ಚಟುವಟಿಕೆಯೇ ಇದು: ಸುಮಾರು ಒಂದು ಮೀಟರ್ ಉದ್ದದ ಲೋಲಕವನ್ನು ತೂಗಿಬಿಟ್ಟು 20 ಆಂದೋಲನಗಳ ಕಾಲವನ್ನು ಅಳೆಯಬೇಕು. ಕಿಟಕಿಯ ಸರಳು, ಬಾಗಿಲ ಚೌಕಟ್ಟಿನ ಮೊಳೆ, ಮೈಕ್ ಕಟ್ಟುವ ಕೊಕ್ಕೆ, ಎಲ್ಲೆಂದರಲ್ಲಿ ನಟ್ಟುಗಳು ತೂಗಾಡಿದವು. ಗದ್ದಲಕ್ಕೆ ಪಕ್ಕದ ಕೋಣೆಯ ಶಿಕ್ಷಕಿ ಎರಡು ಸಲ ಇಣುಕಿ ಹೋದರು. ಒಂದು ಗುಂಪಿಗೆ 40 ಸೆಕೆಂಡ್ ಬಂದಿತು, ಇನ್ನೊಂದಕ್ಕೆ 38. ದಾರವನ್ನು ಮತ್ತೆ ಅಳೆದರೆ ಎರಡೂ ಸಮನಾಗಿದ್ದವು. ಕೊನೆಗೆ ತಿಳಿದದ್ದೇನೆಂದರೆ, 38 ಬಂದ ಗುಂಪಿನ ಹುಡುಗ ನಟ್ಟನ್ನು ಕೈಬಿಟ್ಟ ಕ್ಷಣದಲ್ಲೇ ‘ಒಂದು’ ಎಂದು ಎಣಿಸಲಾರಂಭಿಸಿದ್ದ. ಹಾಗಾಗಿ ಇಪ್ಪತ್ತು ಎನ್ನುವಷ್ಟರಲ್ಲಿ ಆಗಿದ್ದು ಹತ್ತೊಂಬತ್ತೇ ಆಂದೋಲನ. ‘ಸೊನ್ನೆ’ ಎಂದು ಶುರು ಮಾಡಿದಾಗ ಅವರ ಗಡಿಯಾರವೂ 40ಕ್ಕೆ ಬಂದು ನಿಂತಿತು. ಎಣಿಕೆ ಸೊನ್ನೆಯಿಂದ ಏಕೆ ಆರಂಭವಾಗಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಯಾವ ಗಣಿತದ ಪಿರಿಯಡ್‌ನಲ್ಲೂ ಹೇಳಿಕೊಟ್ಟಿರಲಿಲ್ಲ.

ಆದರೂ ಮೂರು ವಾರಗಳ ನಂತರ ಮರದ ಗುಂಡಿನ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವರು 30ರಲ್ಲಿ 11 ಮಂದಿ. ಇಷ್ಟು ಸಂಭ್ರಮದ ನಂತರವೂ ಹೀಗೇಕಾಯಿತೆಂದು ಯೋಚಿಸಿದಾಗ ತಪ್ಪು ನನ್ನದೇ ಎಂದು ತೋರಿತು. ನಾನು ಅವರಿಗೆ ಮಾಡಲು ಕೆಲಸ ಕೊಟ್ಟಿದ್ದೆ, ಕೇಳಿಕೊಳ್ಳಲು ಪ್ರಶ್ನೆ ಕೊಟ್ಟಿರಲಿಲ್ಲ. ನಟ್ಟಿನ ಬಗ್ಗೆ ಯಾರೂ ಯಾವ ಪಂಥವನ್ನೂ ಕಟ್ಟಿರಲಿಲ್ಲವಾದ್ದರಿಂದ ಯಾರೂ ಸೋಲಲೂ ಇಲ್ಲ.

ಎರಡನೇ ವರ್ಷ ‘ಎ’ ವಿಭಾಗಕ್ಕೆ ಪರದೆಯನ್ನು ಬಳಸಿದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ, ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಪ್ರಯೋಗಗಳ ‘ಫೆಟ್’ ಯೋಜನೆಯ ಲೋಲಕದ ಪ್ರಯೋಗ ಉಚಿತವಾಗಿ ದೊರೆಯುತ್ತದೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಕರೆಂಟು ಇಲ್ಲದೆ ನಡೆಯುವುದಿಲ್ಲ ಎಂಬುದನ್ನು ಮೊದಲ ದಿನವೇ ಕಲಿತೆ. ಮರುದಿನ ಉದ್ದ, ತೂಕ ಬದಲಿಸಿ ತೋರಿಸಿದಾಗ ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಇದೇ ಲೋಲಕವನ್ನು ಚಂದ್ರನ ಮೇಲೂ ಗುರುಗ್ರಹದ ಮೇಲೂ ತೂಗಿಸಿ ತೋರಿಸಬಹುದಾದದ್ದು ಪರದೆಗೆ ಮಾತ್ರ ಸಾಧ್ಯ. ಚಂದ್ರನ ಮೇಲೆ ಗುಂಡು ಸೋಮಾರಿಯಂತೆ ಓಲಾಡಿದಾಗ ತರಗತಿಯಿಡೀ ನಕ್ಕಿತು. ಆದರೆ ಪರದೆಯ ಲೋಲಕ ಎಂದಿಗೂ ತಪ್ಪುವುದಿಲ್ಲ, ಆದಕಾರಣ 38 ಮತ್ತು 40ರ ಜಗಳ ಅಲ್ಲಿ ಹುಟ್ಟುವುದೂ ಇಲ್ಲ. ಹತ್ತು ನಿಮಿಷ ಕಳೆದ ಮೇಲೆ ಹಿಂದಿನ ಬೆಂಚಿನವರು ಸಿನಿಮಾ ನೋಡುವಂತೆ ಹಿಂದಕ್ಕೆ ಒರಗಿದರು. ಪರೀಕ್ಷೆಯಲ್ಲಿ 33ರಲ್ಲಿ 13.

‘ಬಿ’ ವಿಭಾಗಕ್ಕೆ ಮತ್ತೆ ಅದೇ ನಟ್ಟು, ಅದೇ ದಾರ. ಬದಲಾದದ್ದು ಒಂದೇ: ನಟ್ಟನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ಪೆನ್ನಿನಲ್ಲಿ, ಅಳಿಸಲಾಗದಂತೆ, ತಮ್ಮ ಊಹೆಯನ್ನು ಬರೆಯಬೇಕು. ಒಂದರ ಬದಲು ಎರಡು ನಟ್ಟು ಕಟ್ಟಿದರೆ 20 ಆಂದೋಲನಕ್ಕೆ ಎಷ್ಟು ಸೆಕೆಂಡ್? ದಾರವನ್ನು ಒಂದು ಮೀಟರಿನಿಂದ 25 ಸೆಂಟಿಮೀಟರಿಗೆ ಇಳಿಸಿದರೆ ಎಷ್ಟು? ಮೊದಲನೆಯದಕ್ಕೆ ಬಹುತೇಕ ಎಲ್ಲರೂ 40ಕ್ಕಿಂತ ಕಡಿಮೆ ಬರೆದರು. ಎರಡನೆಯದಕ್ಕೆ, ದಾರ ಕಾಲು ಭಾಗವಾದ್ದರಿಂದ ಕಾಲವೂ ಕಾಲು ಭಾಗವೆಂದು ಲೆಕ್ಕ ಹಾಕಿ, 10 ಎಂದರು. ನಂತರ ಅಳೆದರು. ಎರಡು ನಟ್ಟಿಗೂ 40. ಗಡಿಯಾರ ಕೆಟ್ಟಿದೆ ಎಂಬ ಆಕ್ಷೇಪಣೆ ಬಂದಿತು, ಮೊಬೈಲ್ ಬದಲಿಸಿದೆವು, ಆಗಲೂ 40. ಗಿಡ್ಡ ದಾರಕ್ಕೆ 20 ಸೆಕೆಂಡ್ ಬಂದಾಗ ಯಾರೂ ಮಾತನಾಡಲಿಲ್ಲ. ಉದ್ದ ನಾಲ್ಕನೇ ಒಂದು ಭಾಗವಾದರೆ ಕಾಲ ಅರ್ಧವಾಗುವುದೇಕೆ ಎಂಬುದಕ್ಕೆ ವರ್ಗಮೂಲದ ತನಕ ಹೋಗಬೇಕಾದ್ದರಿಂದ ಅದನ್ನು ಮುಂದಿನ ತರಗತಿಗಳಿಗೆ ಬಿಟ್ಟೆ. ಪಾಠ ಮುಗಿಯಲು ನಾಲ್ಕು ಪಿರಿಯಡ್ ಹಿಡಿಯಿತು, ಪರೀಕ್ಷೆಯಲ್ಲಿ 31ರಲ್ಲಿ 22 ಮಂದಿ ಕಾರಣಸಹಿತ ಉತ್ತರಿಸಿದರು.

ಇನ್ನು ಗಣಿತ. ಹಲಗೆಯ ಮೇಲೆ ‘ತಲೆಕೆಳಗು ಮಾಡಿ ಗುಣಿಸು’ ಎಂಬ ನಿಯಮವನ್ನು ಒಂದೇ ಪಿರಿಯಡ್‌ನಲ್ಲಿ ಕಲಿಸಬಹುದು, ಮಕ್ಕಳು ಅಂಕವನ್ನೂ ತೆಗೆಯುತ್ತಾರೆ. ಯಾವ ಭಿನ್ನರಾಶಿಯನ್ನು ತಲೆಕೆಳಗು ಮಾಡಬೇಕೆಂಬುದು ಮಾತ್ರ ಮೂರು ವಾರಗಳಲ್ಲಿ ಮರೆತುಹೋಗುತ್ತದೆ. ವಿಡಿಯೊ ಕೂಡ ಹೆಚ್ಚುಕಡಿಮೆ ಇದೇ ನಿಯಮವನ್ನು ಬಣ್ಣ ಹಚ್ಚಿ ಹೇಳಿತು. ಶಾಲೆಯ ಗಣಿತ ಕಿಟ್ಟಿನಲ್ಲಿರುವ ಅರ್ಧ, ಕಾಲು ಭಾಗದ ಪ್ಲಾಸ್ಟಿಕ್ ತುಂಡುಗಳು ಇವೆರಡಕ್ಕಿಂತ ಮೇಲು: ಅರ್ಧದ ಮೇಲೆ ಕಾಲಿನ ತುಂಡುಗಳನ್ನು ಜೋಡಿಸಿ 1/2 ÷ 1/4 = 2 ಎಂದು ಮಕ್ಕಳೇ ಕಂಡುಕೊಂಡರು. (ತುಂಡು ಕಳೆದರೆ ಯಾರು ಹೊಣೆ ಎಂಬ ಭಯಕ್ಕೆ ಆ ಪೆಟ್ಟಿಗೆ ಅಲಮಾರಿಯೊಳಗೆ ಬೀಗದಲ್ಲಿ ಇದ್ದದ್ದು ಬೇರೆಯೇ ಕತೆ.) ಆದರೆ 1/4 ÷ 1/2 ಎಂದ ಕೂಡಲೇ ಕಿಟ್ಟು ಕೈಕೊಟ್ಟಿತು. ಕಾಲಿನೊಳಗೆ ಅರ್ಧ ಹಿಡಿಸುವುದೇ ಇಲ್ಲವಲ್ಲ! ಮಕ್ಕಳು ತುಂಡುಗಳನ್ನು ಪಕ್ಕಕ್ಕಿಟ್ಟು ಹೂವು ಜೋಡಿಸಲು ತೊಡಗಿದರು.

ಇಲ್ಲಿ ನೆರವಿಗೆ ಬಂದದ್ದು ಚೀಟಿಯ ವಿಧಾನ. ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ 1991ರಿಂದ ಭೌತವಿಜ್ಞಾನದ ತರಗತಿಯಲ್ಲಿ ಬೆಳೆಸಿದ ಕ್ರಮವಿದು: ಒಂದು ಪ್ರಶ್ನೆ ಹಾಕಿ ಎಲ್ಲರಿಂದಲೂ ಉತ್ತರ ಪಡೆಯಬೇಕು, ಸುಮಾರು ಶೇ. 30ರಿಂದ 70ರಷ್ಟು ಮಂದಿ ಸರಿಯಿದ್ದರೆ ಪಕ್ಕದವರೊಡನೆ ವಾದಿಸಲು ಬಿಟ್ಟು ಮತ್ತೆ ಉತ್ತರ ಕೇಳಬೇಕು. ಅವರಲ್ಲಿ ಉತ್ತರ ಒತ್ತಲು ಯಂತ್ರಗಳಿವೆ, ನಮ್ಮಲ್ಲಿ ನಾಲ್ಕು ಬಣ್ಣದ ಚೀಟಿಗಳು ಸಾಕಾದವು. ಮೊದಲ ಸಲ ಎಲ್ಲರೂ ತರಗತಿಯ ಜಾಣೆಯ ಚೀಟಿಯನ್ನು ನೋಡಿ ಅದೇ ಬಣ್ಣವನ್ನು ಎತ್ತಿದರು. ಅಂದಿನಿಂದ ಕಣ್ಣು ಮುಚ್ಚಿ, ಚೀಟಿಯನ್ನು ಎದೆಗೆ ಹಿಡಿಯುವ ನಿಯಮ ಮಾಡಿದೆ. 1/4 ÷ 1/2ಕ್ಕೆ 2, 1/2, 1/8 ಮತ್ತು ‘ಭಾಗಿಸಲು ಬರುವುದಿಲ್ಲ’ ಎಂಬ ಆಯ್ಕೆಗಳನ್ನು ಇಟ್ಟಾಗ ನಾಲ್ಕೂ ಬಣ್ಣಗಳು ಮೇಲೆದ್ದವು. ಗುಂಪಿನ ವಾದಗಳ ನಡುವೆ ಸುಳಿದಾಡುತ್ತ, ಪಾವು ಕಿಲೋ (ಕಾಲು ಕಿಲೋ) ಸಕ್ಕರೆಯನ್ನು ಅರ್ಧ ಕಿಲೋ ಹಿಡಿಸುವ ಡಬ್ಬಿಗೆ ಸುರಿದರೆ ಎಷ್ಟು ಡಬ್ಬಿ ತುಂಬುತ್ತದೆ ಎಂದಷ್ಟೇ ಕೇಳಿದೆ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಂಜೆ ಕೂರುವ ಹುಡುಗಿ ತಟ್ಟನೆ, “ಅರ್ಧ ಡಬ್ಬಿ ತುಂಬತೈತ್ರಿ ಸರ್. ಅಂದಮ್ಯಾಲೆ ಉತ್ತರಾನೂ ಅರ್ಧನ ಅಲ್ಲೇನ್ರಿ?” ಎಂದಳು. ‘ಬರುವುದಿಲ್ಲ’ ಎಂದಿದ್ದ ಬಣದವರು ಕಾಲು ಗಂಟೆ ಅವಳೊಡನೆ ಜಗಳವಾಡಿ, ನಂತರ ಒಬ್ಬೊಬ್ಬರಾಗಿ ಚೀಟಿ ಬದಲಿಸಿದರು.

ಇದರಿಂದ ಉತ್ಸಾಹಗೊಂಡು ಲೋಲಕದ ಪ್ರಶ್ನೆಯನ್ನೂ ಚೀಟಿಯಿಂದ ಬಗೆಹರಿಸಲು ನೋಡಿದ್ದೆ. ಅಲ್ಲಿ ಅದು ಕೆಲಸಕ್ಕೆ ಬಾರಲಿಲ್ಲ. ಭಾರದ ಗುಂಡು ಬೇಗ ತೂಗುತ್ತದೆ ಎಂದು ಎಲ್ಲರೂ ಒಂದೇ ಬಣ್ಣದ ಚೀಟಿ ಎತ್ತಿದ ಮೇಲೆ ವಾದಿಸಲು ಎದುರಾಳಿಯೇ ಇರಲಿಲ್ಲ. ಭಿನ್ನರಾಶಿಯ ವ್ಯಾಜ್ಯವನ್ನು ತರ್ಕವೇ ತೀರ್ಮಾನಿಸಬಲ್ಲದು, ಆದ್ದರಿಂದ ಅಲ್ಲಿ ಮಕ್ಕಳ ಮಾತು ಸಾಕು. ಲೋಲಕದ ವ್ಯಾಜ್ಯದಲ್ಲಿ ತೀರ್ಪು ಕೊಡಬೇಕಾದದ್ದು ನಟ್ಟು. ಎಷ್ಟು ಹೊತ್ತು ಮಾತಾಡಿದರೂ ಅದು ಬಾಯಿಂದ ಬರುವಂಥದ್ದಲ್ಲ. ಹಲಗೆಯಲ್ಲೂ ಪರದೆಯಲ್ಲೂ ನ್ಯಾಯಾಧೀಶನ ಕುರ್ಚಿಯಲ್ಲಿ ನಾನೇ ಕುಳಿತಿದ್ದೆ, ಮಕ್ಕಳು ತೀರ್ಪನ್ನು ಬರೆದುಕೊಂಡರು.

ಈ ವರ್ಷದಿಂದ ಗಣಿತಕ್ಕೆ ಚೀಟಿ, ವಿಜ್ಞಾನಕ್ಕೆ ಬರೆದ ಊಹೆ ಮತ್ತು ಸಾಮಗ್ರಿ, ಕಣ್ಣಿಗೆ ಕಾಣದ ಅಥವಾ ಕೈಗೆಟುಕದ ವಿಷಯಕ್ಕೆ ಮಾತ್ರ ಪರದೆ, ಹಂತಗಳನ್ನು ಬರೆದು ರೂಢಿಸಲು ಹಲಗೆ ಎಂದು ಪಾಠಯೋಜನೆಯಲ್ಲಿ ಹಂಚಿಕೊಂಡಿದ್ದೇನೆ. ಎಲ್ಲ ಪಾಠಗಳಿಗೂ ನಾಲ್ಕು ಪಿರಿಯಡ್ ಸಿಗುವುದಿಲ್ಲವಾದ್ದರಿಂದ, ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿರುವ ಆರೇಳು ಪಾಠಗಳಿಗಷ್ಟೇ ನಟ್ಟಿನ ಪೆಟ್ಟಿಗೆ ಹೊರಬರುತ್ತದೆ.

ನಾಗರಪಂಚಮಿಯ ಮರುದಿನ, ಈಗ ಎಂಟನೇ ತರಗತಿಗೆ ಹೋಗಿರುವ ಎರಡನೇ ವರ್ಷದ ‘ಬಿ’ ವಿಭಾಗದ ಹುಡುಗನೊಬ್ಬ ನೋಟುಪುಸ್ತಕ ಹಿಡಿದು ಬಂದ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಕುಳಿತು ತೂಗಿದಾಗ 10 ಸಲಕ್ಕೆ 40 ಸೆಕೆಂಡ್, ನಿಂತು ತೂಗಿದಾಗ 37. ಹಗ್ಗ ಅದೇ, ಹುಡುಗನೂ ಅವನೇ. ಊಹೆ ಬರೆದ ಜಾಗದಲ್ಲಿ ಎರಡಕ್ಕೂ 40 ಎಂದಿತ್ತು. ನಾನು ಉತ್ತರ ಹೇಳದೆ, ಒಂದು ನಟ್ಟನ್ನೂ ಒಂದು ಮೀಟರ್ ದಾರವನ್ನೂ ಕೊಟ್ಟು, ನಟ್ಟನ್ನು ದಾರದ ತುದಿಗೆ ಒಮ್ಮೆ, ತುದಿಯಿಂದ ಒಂದು ಗೇಣು ಮೇಲೆ ಒಮ್ಮೆ ಕಟ್ಟಿ ಎಣಿಸಿಕೊಂಡು ಬಾ ಎಂದು ಕಳಿಸಿದೆ.