ಫ್ಯಾನ್ ತಿರುಗುತ್ತಿದೆ, ಸಾಫ್ಟ್‌ವೇರ್‌ಗೆ ಕಾಣುತ್ತಿಲ್ಲ: ಎಚ್‌ಡಬ್ಲ್ಯೂಇನ್ಫೋ64, ಲಿಬ್ರೆ ಹಾರ್ಡ್‌ವೇರ್ ಮಾನಿಟರ್ ವಿಮರ್ಶೆ

ಕ್ಯಾಬಿನೆಟ್ಟಿನ ಪಕ್ಕದ ಗಾಜು ತೆಗೆದು ನೋಡಿದರೆ ಐದು ಫ್ಯಾನ್ ತಿರುಗುತ್ತಿರುತ್ತವೆ. ಪರದೆಯ ಮೇಲೆ ಲೆಕ್ಕಕ್ಕೆ ಸಿಗುವುದು ಎರಡೇ. ಸಿಪಿಯು ಎಷ್ಟು ಬಿಸಿಯಾಗಿದೆ ಎಂದು ನೋಡಹೋದರೆ ಆ ಸಾಲೇ ಖಾಲಿ. ಇಷ್ಟಕ್ಕೇ ಮದರ್‌ಬೋರ್ಡ್ ಹೋಯಿತೆಂದು ಪಿಸಿ ಹೊತ್ತುಕೊಂಡು ಅಂಗಡಿಗೆ ಹೋಗುವವರಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಅದು. ಹೆಚ್ಚಿನ ಸಲ ಭಾಗ ಚೆನ್ನಾಗಿಯೇ ಇರುತ್ತದೆ, ಅದರ ಹತ್ತಿರ ಹೋಗುವ ದಾರಿ ಎಲ್ಲೋ ಮುಚ್ಚಿರುತ್ತದೆ. ಹಾಗಾಗಿ ಪಿಸಿಯ ತಾಪ, ಫ್ಯಾನ್ ವೇಗ, ವೋಲ್ಟೇಜ್ ತೋರಿಸುವ ಸಾಫ್ಟ್‌ವೇರುಗಳ ಈ ವಿಮರ್ಶೆಯಲ್ಲಿ ಗ್ರಾಫಿನ ಅಂದ, ಬಣ್ಣಗಳ ಮಾತಿಲ್ಲ. ಒಂದು ಭಾಗ ಸಿಗದೇ ಹೋದಾಗ ಏಕೆ ಸಿಗಲಿಲ್ಲ ಎಂದು ತಿಳಿಯಲು ಯಾವ ಸಾಫ್ಟ್‌ವೇರ್ ನೆರವಾಗುತ್ತದೆ ಎಂಬುದೊಂದೇ ಅಳತೆಗೋಲು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಗದ ಭಾಗವನ್ನು ಹುಡುಕಲು ಎಚ್‌ಡಬ್ಲ್ಯೂಇನ್ಫೋ64. ಸಿಕ್ಕಿದ ಮೇಲೆ ದಿನವಿಡೀ ಹಿನ್ನೆಲೆಯಲ್ಲಿ ಓಡಲು, ಅಥವಾ ರೀಡಿಂಗನ್ನು ಬೇರೆ ಕಡೆ ಬಳಸಲು ಲಿಬ್ರೆ ಹಾರ್ಡ್‌ವೇರ್ ಮಾನಿಟರ್. ಎಚ್‌ಡಬ್ಲ್ಯೂಮಾನಿಟರ್ ಸರಳ, ಆದರೆ ಕೈಕೊಟ್ಟಾಗ ತಿರುಗಿಸಿ ನೋಡಲು ಅದರಲ್ಲಿ ಗುಂಡಿಗಳೇ ಇಲ್ಲ. ಐಡಾ64 ಒಳ್ಳೆಯದೇ, ದುಡ್ಡು ಕೊಡಬೇಕು. ಓಪನ್ ಹಾರ್ಡ್‌ವೇರ್ ಮಾನಿಟರ್ ಅನ್ನು ಇನ್ನೂ ಇಟ್ಟುಕೊಂಡಿದ್ದರೆ ತೆಗೆದುಹಾಕಿ. ವರ್ಷಗಟ್ಟಲೆ ಅದರ ಕೆಲಸ ನಿಂತುಹೋಗಿ, ಹೊಸ ಬೋರ್ಡುಗಳ ಪರಿಚಯವೇ ಇಲ್ಲದೆ ಉಳಿಯಿತು. ಲಿಬ್ರೆ ಹುಟ್ಟಿದ್ದು ಅದರ ಕೋಡ್‌ನಿಂದ ಬೇರೆಯಾದ ಕವಲಾಗಿಯೇ.

ಯಾವುದೇ ಸಾಫ್ಟ್‌ವೇರನ್ನು ಬೈಯುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಪಿಸಿ ರೀಸ್ಟಾರ್ಟ್ ಮಾಡಿ, ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ (ವಿಂಡೋಸಿಗೂ ಮೊದಲು ಏಳುವ, ಬೋರ್ಡಿನದೇ ಸೆಟ್ಟಿಂಗ್ ಪುಟ) ಹೋಗಿ ಹಾರ್ಡ್‌ವೇರ್ ಮಾನಿಟರ್ ಪುಟ ತೆರೆಯಿರಿ. ಅಲ್ಲಿ ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಕಾಣುತ್ತಿದ್ದರೆ ತಂತಿ, ಹೆಡರ್ (ಬೋರ್ಡಿನಲ್ಲಿ ತಂತಿ ಸಿಕ್ಕಿಸುವ ಜಾಗ), ಚಿಪ್ ಮೂರೂ ಸರಿ. ತೊಂದರೆ ವಿಂಡೋಸ್ ಒಳಗೆ. ಅಲ್ಲೂ ಸೊನ್ನೆಯೇ ಇದ್ದರೆ ಸಾಫ್ಟ್‌ವೇರ್ ಬದಲಿಸಿ ಫಲವಿಲ್ಲ, ತಂತಿ ನೋಡಿ. ಫ್ಯಾನ್ ಕನೆಕ್ಟರಿನಲ್ಲಿ ಮೊದಲ ಪಿನ್ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗ ಹೇಳುವ ತಂತಿ, ನಾಲ್ಕನೆಯದು ವೇಗ ಹಿಡಿತದ್ದು. ಒಂದು ಸುತ್ತಿಗೆ ಎರಡು ಪಲ್ಸ್‌ನಂತೆ ಮೂರನೇ ಪಿನ್ನಿನಿಂದ ಬರುವುದನ್ನು ಬೋರ್ಡ್ ಎಣಿಸುತ್ತದೆ. ವೈ ಆಕಾರದ ಸ್ಪ್ಲಿಟರ್ ಹಾಕಿದ್ದರೆ ಒಂದೇ ಫ್ಯಾನಿನ ಮೂರನೇ ತಂತಿ ಬೋರ್ಡ್ ತಲುಪುವಂತೆ ಮಾಡಿರುತ್ತಾರೆ, ಎರಡೂ ಬಂದರೆ ಎಣಿಕೆ ಕಲಸಿಹೋಗುತ್ತದೆ. ಪವರ್ ಸಪ್ಲೈನ ಸಾಟಾ ತಂತಿಯಿಂದ ಕರೆಂಟ್ ತೆಗೆದುಕೊಳ್ಳುವ ಫ್ಯಾನ್ ಹಬ್‌ನದೂ ಅದೇ ಕಥೆ: ಆರು ಫ್ಯಾನಿಗೆ ಒಂದೇ ಸಂಖ್ಯೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಜೆಟ್ ನೋಡಿ ಜೋಡಿಸಿಕೊಂಡು ತಂದ ಪಿಸಿಯಾದರೆ ಕ್ಯಾಬಿನೆಟ್ ಜೊತೆಗೇ ಬಂದ ಫ್ಯಾನುಗಳು ಮೋಲೆಕ್ಸ್ ಕನೆಕ್ಟರಿನಿಂದ ನೇರ ಪವರ್ ಸಪ್ಲೈಗೆ ಹೋಗಿವೆಯೇ ಎಂದು ಮೊದಲು ನೋಡಿ. ಹೋಗಿದ್ದರೆ ಅವು ಇವೆ ಎಂಬುದೇ ಬೋರ್ಡಿಗೆ ತಿಳಿಯದು.

ಬಯಾಸ್‌ನಲ್ಲಿ ಇದೆ, ವಿಂಡೋಸಿನಲ್ಲಿ ಇಲ್ಲ ಎಂದಾದರೆ ಒಂದು ವಿಷಯ ತಲೆಯಲ್ಲಿರಲಿ: ಎಲ್ಲ ರೀಡಿಂಗೂ ಒಂದೇ ದಾರಿಯಲ್ಲಿ ಬರುವುದಿಲ್ಲ. ಸಿಪಿಯು ತಾಪ ಬರುವುದು ಪ್ರೊಸೆಸರಿನ ಒಳಗಿನ ರಿಜಿಸ್ಟರುಗಳೆಂಬ ಪುಟ್ಟ ಖಾನೆಗಳಿಂದ. ಫ್ಯಾನ್, ವೋಲ್ಟೇಜು ಬರುವುದು ಬೋರ್ಡ್ ಮೇಲಿನ ಸೂಪರ್ ಐಒ ಎಂಬ ಚಿಪ್‌ನಿಂದ. ರ‍್ಯಾಮ್‌ನದು ಬೋರ್ಡಿನೊಳಗಿನ ಎಸ್‌ಎಂಬಸ್ ಎಂಬ ದಾರಿಯ ಮೂಲಕ, ಗ್ರಾಫಿಕ್ಸ್ ಕಾರ್ಡಿನದು ಅದರ ಡ್ರೈವರ್ ಮೂಲಕ, ಡಿಸ್ಕಿನದು ಅದು ತನ್ನ ಆರೋಗ್ಯ ತಾನೇ ಹೇಳುವ ಸ್ಮಾರ್ಟ್ ಎಂಬ ವ್ಯವಸ್ಥೆಯ ಮೂಲಕ. ಅಂದಮೇಲೆ ಏನು ಕಾಣುತ್ತಿಲ್ಲ ಎಂಬುದಕ್ಕಿಂತ ಏನೇನು ಒಟ್ಟಿಗೇ ಕಾಣೆಯಾಗಿದೆ ಎಂಬುದೇ ದೊಡ್ಡ ಸುಳಿವು. ಗ್ರಾಫಿಕ್ಸ್ ಕಾರ್ಡ್, ಡಿಸ್ಕ್ ಕಾಣುತ್ತಿದ್ದು ಸಿಪಿಯು ತಾಪ, ಫ್ಯಾನು, ವೋಲ್ಟೇಜು ಮೂರೂ ಒಟ್ಟಿಗೇ ಹೋಗಿದ್ದರೆ ಕರ್ನಲ್ ಡ್ರೈವರ್, ಅಂದರೆ ಸಾಫ್ಟ್‌ವೇರಿಗೆ ವಿಂಡೋಸಿನ ಒಳಗಿನಿಂದ ಚಿಪ್‌ವರೆಗೆ ದಾರಿ ಮಾಡಿಕೊಡುವ ತುಣುಕು, ಲೋಡ್ ಆಗಿಲ್ಲ. ಅದಕ್ಕೆ ಬೇರೆ ಶಾಸ್ತ್ರ ಕೇಳಬೇಕಿಲ್ಲ.

ಲಿಬ್ರೆ ಹಾರ್ಡ್‌ವೇರ್ ಮಾನಿಟರಿನ ದೊಡ್ಡ ತಲೆನೋವು ಇಲ್ಲೇ. ಬಹುಕಾಲ ಅದು ನಂಬಿಕೊಂಡಿದ್ದು ವಿನ್‌ರಿಂಗ್0 ಎಂಬ ಡ್ರೈವರನ್ನು. ಆ ಡ್ರೈವರ್ ಪ್ರೊಸೆಸರಿನ ರಿಜಿಸ್ಟರು, ಐಒ ಪೋರ್ಟು, ಮೆಮೊರಿ ಎಲ್ಲಕ್ಕೂ ಬಾಗಿಲು ತೆಗೆದಿಡುತ್ತಿತ್ತು. ಯಾರು ಒಳಗೆ ಬರುತ್ತಿದ್ದಾರೆ ಎಂದು ಕೇಳುತ್ತಿರಲಿಲ್ಲ. ಈ ದೋಷಕ್ಕೆ ಸುರಕ್ಷತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2020-14979 ಎಂಬ ಸಂಖ್ಯೆಯೂ ಇದೆ. 2025ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಇದನ್ನು ಹಿಡಿದು ಕ್ವಾರಂಟೈನ್ ಮಾಡತೊಡಗಿತು. ಅದನ್ನೇ ಬಳಸುತ್ತಿದ್ದ ಫ್ಯಾನ್ ಕಂಟ್ರೋಲ್‌ನಂಥ ಸಾಫ್ಟ್‌ವೇರುಗಳೂ ಒಟ್ಟಿಗೇ ಕುರುಡಾದವು. ನಿಮ್ಮಲ್ಲೂ ಹೀಗಾಗಿದೆಯೇ ಎಂದು ತಿಳಿಯಲು ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ವಿಭಾಗದ ಪ್ರೊಟೆಕ್ಷನ್ ಹಿಸ್ಟರಿ ನೋಡಿ. ವಿನ್‌ರಿಂಗ್0 ಹೆಸರಿನ ಸಾಲು ಇದ್ದರೆ ಕಾರಣ ಸಿಕ್ಕಿತು.

ಆಗ ಬಹಳ ಜನ ಮಾಡುವುದು ಡಿಫೆಂಡರಿನಲ್ಲಿ ಆ ಕಡತಕ್ಕೆ ವಿನಾಯಿತಿ ಕೊಡುವುದು. ದಯವಿಟ್ಟು ಬೇಡ. ತಾಪ ನೋಡುವ ಆಸೆಗೆ ಮನೆಯ ಹಿಂಬಾಗಿಲು ತೆಗೆದಿಟ್ಟು ಮಲಗಿದ ಹಾಗಾಗುತ್ತದೆ. ಲಿಬ್ರೆಯ ಹೊಸ ಆವೃತ್ತಿಗಳು ಪಾನ್‌ಐಒ ಎಂಬ, ವಿಂಡೋಸ್ ಒಪ್ಪುವ ಡಿಜಿಟಲ್ ಸಹಿಯುಳ್ಳ ಡ್ರೈವರಿಗೆ ಹೊರಳಿವೆ. ಯಾವ ಕೆಲಸಕ್ಕೆ ಎಷ್ಟು ಅವಕಾಶ ಎಂದು ಅದು ಮೊದಲೇ ಗೆರೆ ಹಾಕಿಕೊಂಡಿರುತ್ತದೆ. ಹಳೆಯ ಫೋಲ್ಡರ್ ಪೂರ್ತಿ ಅಳಿಸಿ, ಹೊಸದನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿ, ಪಾನ್‌ಐಒ ಇನ್‌ಸ್ಟಾಲ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ, ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಿರಿ. ಅಡ್ಮಿನ್ ಹಕ್ಕು ಇಲ್ಲದೆ ತೆರೆದರೆ ಡ್ರೈವರ್ ಸರಿಯಿದ್ದರೂ ರೀಡಿಂಗುಗಳ ಅರ್ಧ ಪಟ್ಟಿ ಖಾಲಿ. ಹಳೆಯ ಕಾಲದ ಸಾಫ್ಟ್‌ವೇರಾದರೆ ಕೋರ್ ಐಸೊಲೇಷನ್‌ನ ಮೆಮೊರಿ ಇಂಟೆಗ್ರಿಟಿ ಎಂಬ ವಿಂಡೋಸ್ ಕಾವಲೂ ಅಡ್ಡ ಬರಬಹುದು. ಅಪಾಯಕಾರಿ ಡ್ರೈವರುಗಳ ತಡೆಪಟ್ಟಿ ವಿಂಡೋಸ್ 11ರ 22ಎಚ್2ರಿಂದ ತಾನಾಗಿಯೇ ಚಾಲೂ ಇರುತ್ತದೆ. ಅದನ್ನು ಆರಿಸಬೇಡಿ, ಸಾಫ್ಟ್‌ವೇರನ್ನು ಬದಲಿಸಿ. ಎಚ್‌ಡಬ್ಲ್ಯೂಇನ್ಫೋಗೆ ಅದರದ್ದೇ ಸಹಿಯುಳ್ಳ ಡ್ರೈವರ್ ಇರುವುದರಿಂದ ವಿನ್‌ರಿಂಗ್0 ಗಲಾಟೆ ಅದಕ್ಕೆ ತಟ್ಟಲಿಲ್ಲ. ಹುಡುಕುವ ಕೆಲಸಕ್ಕೆ ಅದನ್ನು ಮುಂದಿಡಲು ಇದೂ ಒಂದು ಕಾರಣ.

ಇನ್ನೊಂದು ಬಗೆ: ಸಿಪಿಯು ತಾಪ ಬರುತ್ತದೆ, ಫ್ಯಾನು ಮತ್ತು ವೋಲ್ಟೇಜು ಮಾತ್ರ ಇಲ್ಲ. ಅಂದರೆ ಸೂಪರ್ ಐಒ ಚಿಪ್ಪಿನ ಪರಿಚಯ ಸಾಫ್ಟ್‌ವೇರಿಗಿಲ್ಲ. ಡೆಸ್ಕ್‌ಟಾಪ್ ಬೋರ್ಡುಗಳಲ್ಲಿ ಇದು ಬಹುಪಾಲು ನುವೋಟನ್ ಅಥವಾ ಐಟಿಇ ಕಂಪನಿಯದು. ಯಾವುದೆಂದು ತಿಳಿಯಲು ಸಿಪಿಯು-ಝಡ್ ತೆರೆದು ಮೇನ್‌ಬೋರ್ಡ್ ಟ್ಯಾಬಿನಲ್ಲಿ ಎಲ್‌ಪಿಸಿಐಒ ಎಂಬ ಸಾಲು ನೋಡಿ: ನುವೋಟನ್ ಎನ್‌ಸಿಟಿ6798ಡಿ, ಐಟಿಇ ಐಟಿ8689ಇ ಎಂಬಂತೆ ಬರೆದಿರುತ್ತದೆ. ಗಿಗಾಬೈಟ್‌ನ ಕೆಲವು ಬೋರ್ಡುಗಳಲ್ಲಿ ಐಟಿಇ ಚಿಪ್ ಎರಡೆರಡು ಇರುತ್ತವೆ. ಒಂದನ್ನಷ್ಟೇ ಗುರುತಿಸುವ ಸಾಫ್ಟ್‌ವೇರಿನಲ್ಲಿ ಅರ್ಧ ಫ್ಯಾನುಗಳು ಮಾಯ. ‘ಎರಡು ಫ್ಯಾನ್ ಬರುತ್ತೆ, ಎರಡು ಬರಲ್ಲ’ ಎಂಬ ದೂರಿಗೆ ಹಬ್ ಬಿಟ್ಟರೆ ಇದೂ ಒಂದು ಕಾರಣ.

ಚಿಪ್ ಗುರುತಿಸಿದರೂ ಕೆಲಸ ಮುಗಿಯುವುದಿಲ್ಲ. ಚಿಪ್ಪಿನ ಯಾವ ಕಾಲಿಗೆ ಏನು ಜೋಡಿಸಿದೆ ಎಂಬುದು ಬೋರ್ಡ್ ತಯಾರಿಸಿದವರ ಇಷ್ಟ. ಅದು ಚಿಪ್ಪಿನಲ್ಲಿ ಬರೆದಿರುವುದಿಲ್ಲ, ಸಾಫ್ಟ್‌ವೇರ್ ಬರೆದವರು ಬೋರ್ಡ್ ಬೋರ್ಡಿಗೂ ಪಟ್ಟಿ ಇಟ್ಟುಕೊಳ್ಳಬೇಕು. ವೋಲ್ಟೇಜ್ ವಿಷಯವನ್ನೇ ಹತ್ತಿರದಿಂದ ನೋಡಿ. ಚಿಪ್ ನೇರವಾಗಿ ಅಳೆಯಬಲ್ಲದ್ದು ಕೆಲವೇ ವೋಲ್ಟ್. 12 ವೋಲ್ಟನ್ನು ಎರಡು ರೆಸಿಸ್ಟರ್ ಇಟ್ಟು ಒಂದು ಪಾಲಿಗೆ ಇಳಿಸಿ ಕೊಡುತ್ತಾರೆ; ಸಾಫ್ಟ್‌ವೇರ್ ಅದನ್ನು ಮತ್ತೆ ಗುಣಿಸಿ ತೋರಿಸಬೇಕು. ಗುಣಿಸುವ ಸಂಖ್ಯೆ ತಪ್ಪಿದರೆ 12 ವೋಲ್ಟ್ ಸಾಲಿನಲ್ಲಿ 8 ಅಂತಲೂ ಬರಬಹುದು, 1 ಅಂತಲೂ ಬರಬಹುದು. ಪವರ್ ಸಪ್ಲೈಗಳ ಎಟಿಎಕ್ಸ್ ನಿಯಮದಂತೆ 12 ವೋಲ್ಟ್ ಸುಮಾರು 11.4ರಿಂದ 12.6ರ ಒಳಗಿರಬೇಕು. ನಿಜಕ್ಕೂ 8ಕ್ಕೆ ಇಳಿದಿದ್ದರೆ ಆ ಸಂಖ್ಯೆ ಓದಲು ಪಿಸಿಯೇ ಆನ್ ಇರುತ್ತಿರಲಿಲ್ಲ! ಇದನ್ನು ನಂಬಿ ಪವರ್ ಸಪ್ಲೈ ಬದಲಿಸುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ.

ತಾಪದ್ದೂ ಹಾಗೆಯೇ. ಆಕ್ಸ್‌ಟಿನ್ ಎಂಬ ಸಾಲಿನಲ್ಲಿ 127 ಡಿಗ್ರಿ ಅಥವಾ ಸೊನ್ನೆಗಿಂತ 60 ಕೆಳಗೆ ಎಂದು ಕಂಡರೆ ಬೆಚ್ಚಬೇಡಿ, ಆ ಕಾಲಿಗೆ ಸೆನ್ಸರನ್ನೇ ಜೋಡಿಸಿಲ್ಲ, ಚಿಪ್ ಅರ್ಥವಿಲ್ಲದ ಸಂಖ್ಯೆ ಕೊಡುತ್ತಿದೆ. ಎಚ್‌ಡಬ್ಲ್ಯೂಇನ್ಫೋದ ಬೋರ್ಡ್ ಪಟ್ಟಿ ಬಲು ಉದ್ದ, ಹೊಸ ಬೋರ್ಡ್ ಬಂದಾಗ ಬೇಗ ಸೇರಿಕೊಳ್ಳುತ್ತದೆ. ಲಿಬ್ರೆಯಲ್ಲಿ ಪಟ್ಟಿಗೆ ಸೇರದ ಬೋರ್ಡಿಗೆ ‘ಫ್ಯಾನ್ #3’, ‘ಟೆಂಪರೇಚರ್ #5’ ಎಂಬ ಅನಾಥ ಹೆಸರುಗಳೇ ಗತಿ. ಯಾವುದು ಯಾವುದೆಂದು ತಿಳಿಯಲು ತಿರುಗುವ ಫ್ಯಾನಿಗೆ ಬೆರಳು ಹಾಕಬೇಡಿ. ಬಯಾಸ್‌ನಲ್ಲಿ ಒಂದೊಂದೇ ಹೆಡರಿನ ವೇಗ ಪೂರ್ತಿ ಮಾಡಿ ಬಂದು, ಯಾವ ಸಂಖ್ಯೆ ಏರಿತೆಂದು ನೋಡಿ ಹೆಸರು ಬದಲಿಸಿಕೊಳ್ಳಿ.

ರ‍್ಯಾಮ್ ತಾಪ ಕಾಣದಿದ್ದರೆ ಮೊದಲು ಅದು ಹಳೆಯ ಪೀಳಿಗೆಯ ಡಿಡಿಆರ್4ಓ ಹೊಸ ಡಿಡಿಆರ್5ಓ ನೋಡಿ. ಡಿಡಿಆರ್5ನ ಪ್ರತಿ ಪಟ್ಟಿಯಲ್ಲೂ ಎಸ್‌ಪಿಡಿ ಹಬ್ ಚಿಪ್ ಇದ್ದು ತಾಪದ ಸೆನ್ಸರ್ ಅದರೊಳಗೇ ಇರುತ್ತದೆ. ಮನೆಬಳಕೆಯ ಡಿಡಿಆರ್4ರಲ್ಲಿ ಅದು ಹಲವಕ್ಕೆ ಇರುವುದೇ ಇಲ್ಲ, ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತೋರಿಸದು. ಡಿಡಿಆರ್5 ಇದ್ದೂ ಸಾಲು ಬಂದು ಹೋಗಿ ಮಾಡುತ್ತಿದ್ದರೆ ಆರ್‌ಜಿಬಿ ದೀಪದ ಸಾಫ್ಟ್‌ವೇರಿನ ಮೇಲೆ ಅನುಮಾನ ಪಡಿ. ದೀಪದ ಬಣ್ಣ ಬದಲಿಸಲು ಅದೂ ಇದೇ ಎಸ್‌ಎಂಬಸ್‌ನಲ್ಲೇ ಓಡಾಡುತ್ತದೆ. ಶಿಸ್ತಿನ ಸಾಫ್ಟ್‌ವೇರುಗಳು ಮ್ಯೂಟೆಕ್ಸ್ ಎಂಬ ಬೀಗ ಹಾಕಿಕೊಂಡು ಸರದಿಯಂತೆ ಬಳಸುತ್ತವೆ. ಬೀಗದ ಗೊಡವೆಯೇ ಇಲ್ಲದವು ನುಗ್ಗಿದಾಗ ರೀಡಿಂಗ್ ಸೊನ್ನೆಯಾಗುತ್ತದೆ, ಇಲ್ಲವೇ ದೀಪ ಒಂದೇ ಬಣ್ಣದಲ್ಲಿ ಹೆಪ್ಪುಗಟ್ಟುತ್ತದೆ. ವಿಂಡೋ ಮುಚ್ಚಿದರೆ ಸಾಲದು, ಸರ್ವೀಸಸ್‌ಗೆ ಹೋಗಿ ಅದರ ಸರ್ವೀಸನ್ನೇ ನಿಲ್ಲಿಸಿ ಪಿಸಿಯನ್ನು ಪೂರ್ತಿ ಆಫ್ ಮಾಡಿ, ಹತ್ತು ಸೆಕೆಂಡ್ ಪ್ಲಗ್ ತೆಗೆದು ಮತ್ತೆ ಹಾಕಿ. ಲಿಕ್ವಿಡ್ ಕೂಲರ್, ಸ್ಮಾರ್ಟ್ ಪವರ್ ಸಪ್ಲೈಗಳಲ್ಲೂ ಇದೇ ಜಗಳ. ಕೋರ್ಸೇರ್ ಕಂಪನಿಯ ಐಕ್ಯೂ ಸಾಫ್ಟ್‌ವೇರ್ ಓಡುತ್ತಿರುವಾಗ ಅದೇ ಉಪಕರಣವನ್ನು ಎಚ್‌ಡಬ್ಲ್ಯೂಇನ್ಫೋ ಓದಹೋದರೆ ಇಬ್ಬರಿಗೂ ಸರಿಯಾಗಿ ಸಿಗುವುದಿಲ್ಲ. ಒಬ್ಬರನ್ನೇ ಇಟ್ಟುಕೊಳ್ಳಿ.

ಡಿಸ್ಕ್ ವಿಷಯ ಚಿಕ್ಕದು. ಡಿಸ್ಕುಗಳನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳುವ ಇಂಟೆಲ್ ವಿಎಂಡಿ, ಅಥವಾ ಹಲವು ಡಿಸ್ಕುಗಳನ್ನು ಒಂದಾಗಿಸುವ ರೇಡ್ ಚಾಲೂ ಇದ್ದರೆ ಎನ್‌ವಿಎಂಇ ಬಗೆಯ ಡಿಸ್ಕು ಆ ಡ್ರೈವರಿನ ಮರೆಗೆ ಹೋಗಬಹುದು. ಹಾಗೆಂದು ಬಯಾಸ್‌ನಲ್ಲಿ ವಿಎಂಡಿಯನ್ನು ದಿಢೀರ್ ಆರಿಸಿದರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು. ಯುಎಸ್‌ಬಿ ಡಬ್ಬಿಯಲ್ಲಿರುವ ಡಿಸ್ಕಿನ ತಾಪ ಸಿಗುವುದು ಬಿಡುವುದು ಡಬ್ಬಿಯೊಳಗಿನ ಬ್ರಿಜ್ ಚಿಪ್ಪಿನ ಮರ್ಜಿ.

ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಯಾ ಕಾರ್ಡಿನ ಸಾಲು ಬೂದುಬಣ್ಣಕ್ಕೆ ತಿರುಗಿದರೆ ಅದು ಕೆಟ್ಟಿಲ್ಲ, ಬ್ಯಾಟರಿ ಉಳಿಸಲು ಮಲಗಿದೆ. ಗೇಮ್ ಒಂದನ್ನು ತೆರೆದರೆ ಎದ್ದು ಕೂರುತ್ತದೆ. ಎಚ್‌ಡಬ್ಲ್ಯೂಇನ್ಫೋದಲ್ಲಿ ಮಲಗಿದ ಜಿಪಿಯು ಎಬ್ಬಿಸುವ ಆಯ್ಕೆ ಇದೆ, ಆದರೆ ಅದನ್ನು ಹಾಕಿಟ್ಟು ಆಮೇಲೆ ಬ್ಯಾಟರಿ ಬೇಗ ಮುಗಿಯುತ್ತಿದೆ ಎಂದು ಗೊಣಗಬಾರದು. ಆರ್‌ಟಿಎಕ್ಸ್ 50 ಸರಣಿ ಬಂದಾಗ ಚಿಪ್ಪಿನ ಅತಿ ಬಿಸಿ ಜಾಗ ಹೇಳುವ ಹಾಟ್ ಸ್ಪಾಟ್ ಸಾಲು ಕಾಣೆಯಾದದ್ದು ಸಾಫ್ಟ್‌ವೇರ್ ತಪ್ಪಲ್ಲ, ಎನ್‌ವಿಡಿಯಾ ಕೊಡುವುದನ್ನೇ ನಿಲ್ಲಿಸಿತು. ಇನ್ನು ಲ್ಯಾಪ್‌ಟಾಪ್ ಫ್ಯಾನಿನ ವೇಗ ಇರುವುದು ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್ಪಿನ ಕೈಯಲ್ಲಿ, ಕಂಪನಿ ಕಂಪನಿಗೂ ಅದರ ಒಳಗುಟ್ಟು ಬೇರೆ. ಬಹಳಷ್ಟು ಮಾದರಿಗಳಲ್ಲಿ ಅದು ಸಿಗುವುದಿಲ್ಲ.

ಎಚ್‌ಡಬ್ಲ್ಯೂಇನ್ಫೋವನ್ನು ಇಷ್ಟು ಹೊಗಳಿದ ಮೇಲೆ ಅದರ ಹುಳುಕನ್ನೂ ಹೇಳಬೇಕು. ಸಾಲುಗಳು ನೂರಾರು, ಹೊಸಬರು ರೈಟ್ ಕ್ಲಿಕ್ ಮಾಡಿ ಬೇಡದ್ದನ್ನು ಮರೆಮಾಡುವಾಗ ಬೇಕಾದ್ದನ್ನೂ ಮರೆಮಾಡಿ, ಆಮೇಲೆ ಸೆನ್ಸರ್ ಕಳೆದುಹೋಗಿದೆ ಎನ್ನುತ್ತಾರೆ. ಕೆಳಗಿನ ಗಿಯರ್ ಚಿಹ್ನೆ ಒತ್ತಿದರೆ ಮರೆಮಾಡಿದ್ದೂ ಪಟ್ಟಿಯಲ್ಲಿರುತ್ತದೆ, ಅಲ್ಲಿಂದ ಮತ್ತೆ ಕಾಣುವಂತೆ ಮಾಡಿ. ಎರಡನೆಯದು ದೊಡ್ಡ ಕಿರಿಕಿರಿ: ರೀಡಿಂಗನ್ನು ಬೇರೆ ಸಾಫ್ಟ್‌ವೇರುಗಳಿಗೆ ಕೊಡುವ ಶೇರ್ಡ್ ಮೆಮೊರಿ ಉಚಿತ ಆವೃತ್ತಿಯಲ್ಲಿ ಶುರುವಾಗಿ 12 ಗಂಟೆ ಕಳೆದ ಮೇಲೆ ನಿಂತುಬಿಡುತ್ತದೆ. ರಾತ್ರಿ ಸರಿಯಿದ್ದ ಡೆಸ್ಕ್‌ಟಾಪ್ ಮೀಟರು ಬೆಳಗ್ಗೆ ಸತ್ತಿರುವುದಕ್ಕೆ ಇದೇ ಕಾರಣ. ಲಿಬ್ರೆಯಲ್ಲಿ ಇಂಥ ಗಡಿಯಿಲ್ಲ, ಮೇಲಾಗಿ ಆಪ್ಷನ್ಸ್‌ನಲ್ಲಿ ವೆಬ್ ಸರ್ವರ್ ಚಾಲೂ ಮಾಡಿದರೆ 8085ನೇ ಪೋರ್ಟಿನಲ್ಲಿ ಮೊಬೈಲಿನಿಂದಲೇ ನೋಡಬಹುದು.

ಲಿನಕ್ಸ್ ಬಳಸುವವರು ಎಲ್‌ಎಂ-ಸೆನ್ಸರ್ಸ್ ಎಂಬ ಪ್ಯಾಕೇಜ್ ಹಾಕಿ ಸೆನ್ಸರ್ಸ್-ಡಿಟೆಕ್ಟ್ ಆಜ್ಞೆ ಓಡಿಸಿದರೆ ಅರ್ಧ ಕೆಲಸ ಮುಗಿಯಿತು. ನುವೋಟನ್‌ಗೆ ಎನ್‌ಸಿಟಿ6775 ಮಾಡ್ಯೂಲ್, ಸಾಟಾ ಡಿಸ್ಕಿಗೆ ಕರ್ನಲ್ 5.6ರಿಂದ ಬಂದ ಡ್ರೈವ್‌ಟೆಂಪ್, ಡಿಡಿಆರ್5ಗೆ 6.11ರಿಂದ ಬಂದ ಎಸ್‌ಪಿಡಿ5118. ಐಟಿಇ ಚಿಪ್ಪಿನ ಹೊಸ ಬೋರ್ಡುಗಳಲ್ಲಿ ಕರ್ನಲಿನ ಜೊತೆ ಬರುವ ಐಟಿ87 ಡ್ರೈವರ್ ಹಲವು ಸಲ ಸಾಲದು.

ಇಷ್ಟೆಲ್ಲ ಮಾಡಿಯೂ ಸಿಗದಿದ್ದರೆ ತಯಾರಿಸಿದವರಿಗೆ ಬರೆಯಿರಿ, ಆದರೆ ಸ್ಕ್ರೀನ್‌ಶಾಟ್ ಕಳಿಸಿ ಪ್ರಯೋಜನವಿಲ್ಲ. ಎಚ್‌ಡಬ್ಲ್ಯೂಇನ್ಫೋದಲ್ಲಿ ಮೊದಲ ಕಿಟಕಿಯ ಸೆಟ್ಟಿಂಗ್ಸ್‌ನಲ್ಲಿ ಡಿಬಗ್ ಮೋಡ್ ಹಾಕಿ, ಸೆನ್ಸರ್ ಕಿಟಕಿ ಒಂದೆರಡು ನಿಮಿಷ ತೆರೆದಿಟ್ಟು ಮುಚ್ಚಿದರೆ ಅದರ ಹೆಸರಿನದೇ ಡಿಬಿಜಿ ಕಡತ ಸಿದ್ಧವಾಗುತ್ತದೆ. ಲಿಬ್ರೆಯಲ್ಲಿ ಫೈಲ್ ಮೆನುವಿನ ಸೇವ್ ರಿಪೋರ್ಟ್. ಆ ರಿಪೋರ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಚಿಪ್ ಐಡಿ ಎಂದು ಹುಡುಕಿ. ‘ಅನ್‌ನೋನ್ ಐಟಿಇ’ ಎಂದೋ ‘ಅನ್‌ನೋನ್ ವಿನ್‌ಬಾಂಡ್ / ನುವೋಟನ್ / ಫಿನ್‌ಟೆಕ್’ ಎಂದೋ ಬರೆದು ಮುಂದೆ ಒಂದು ಸಂಖ್ಯೆ ಇದ್ದರೆ ಅವರಿಗೆ ಬೇಕಾದ್ದು ಅದೇ. ಜೊತೆಗೆ ಬೋರ್ಡಿನ ಪೂರ್ತಿ ಹೆಸರು, ರಿವಿಷನ್ ಸಂಖ್ಯೆ ಸಮೇತ, ಮತ್ತು ಅದರ ಬೆನ್ನಿಗೇ ರೀಸ್ಟಾರ್ಟ್ ಮಾಡಿದಾಗ ಬಯಾಸ್ ತೋರಿಸಿದ ಆರ್‌ಪಿಎಂ, ವೋಲ್ಟೇಜುಗಳ ಫೋಟೋ ಸೇರಿಸಿ.