ಪಿಯುಸಿ19 ಸಾಕಾ, ಪಿಬಿಆರ್322 ಬೇಕಾ?

ದಾವಣಗೆರೆಯ ಎಂಎಸ್ಸಿ ತಂಗಿಯೊಬ್ಬಳ ಪ್ರಶ್ನೆ: ಮೆಕ್ಕೆಜೋಳದ ಜೀನ್ ತುಣುಕು ಕ್ಲೋನ್ ಮಾಡಲು, ಅಂದರೆ ಬ್ಯಾಕ್ಟೀರಿಯಾದೊಳಗಿಟ್ಟು ಪ್ರತಿ ಮಾಡಿಸಲು, ಪಿಯುಸಿ19, ಪಿಬಿಆರ್322 ಇವೆರಡರಲ್ಲಿ ಯಾವ ಪ್ಲಾಸ್ಮಿಡ್ (ತುಣುಕನ್ನು ಹೊರುವ ಡಿಎನ್‌ಎ ಉಂಗುರ) ಒಳ್ಳೆಯದು?

ಡಿಎನ್‌ಎ ಜಾಸ್ತಿ ಬೇಕಿದ್ದರೆ ಪಿಯುಸಿ19. ಪ್ರತಿ ಮಾಡುವ ಕೆಲಸ ಶುರುವಾಗುವ ಜಾಗ ಎರಡರಲ್ಲೂ ಒಂದೇ ಮೂಲದ್ದು. ಆದರೆ ಪಿಬಿಆರ್322ರಲ್ಲಿ ರಾಪ್ ಎಂಬ ಪ್ರೋಟೀನ್ ಬ್ರೇಕ್ ಹಾಕುತ್ತದೆ. ಒಂದು ಬ್ಯಾಕ್ಟೀರಿಯಾ ಕೋಶಕ್ಕೆ 15-20 ಪ್ರತಿ ಅಷ್ಟೇ. ಪಿಯುಸಿಯಲ್ಲಿ ರಾಪ್ ಇಲ್ಲ, ಪ್ರತಿ ಶುರುವಾಗುವ ಜಾಗದಲ್ಲಿ ಡಿಎನ್‌ಎಯ ಒಂದಕ್ಷರವೂ ಬದಲಾಗಿದೆ. ಹಾಗಾಗಿ ನೂರಾರು ಪ್ರತಿ.

ತುಣುಕು ಸೇರಿದ ಕಾಲೊನಿ (ಪ್ಲೇಟಿನ ಮೇಲೆ ಬೆಳೆದ ಬ್ಯಾಕ್ಟೀರಿಯಾ ಚುಕ್ಕೆ) ಹುಡುಕೋದು? ಪಿಯುಸಿಯಲ್ಲಿ ನೀಲಿ ಚುಕ್ಕೆ ಅಂದರೆ ಪ್ಲಾಸ್ಮಿಡ್ ಖಾಲಿ, ಬಿಳಿ ಅಂದರೆ ತುಣುಕು ತುಂಬಿದ್ದು, ಕಣ್ಣಿಗೇ ಕಾಣುತ್ತದೆ. ಆ ನೀಲಿ ಬಣ್ಣ ಬರಿಸುವ ಎಕ್ಸ್-ಗ್ಯಾಲ್ ಮಾತ್ರ ದುಬಾರಿ. ಪಿಬಿಆರ್‌ಗೆ ಅದು ಬೇಡ, ಆದರೆ ತುಣುಕು ಸೇರಿದಾಗ ಒಂದು ಆ್ಯಂಟಿಬಯಾಟಿಕ್ ತಡೆಯುವ ಶಕ್ತಿ ಹೋಗುವುದರಿಂದ, ಆಂಪಿಸಿಲಿನ್, ಟೆಟ್ರಾಸೈಕ್ಲಿನ್ ಎರಡು ಆ್ಯಂಟಿಬಯಾಟಿಕ್ ಪ್ಲೇಟಿನಲ್ಲೂ ಬೆಳೆಸಿ ಹೋಲಿಸಬೇಕು. ಸುಮ್ನೆ ತಲೆನೋವು, ಅಲ್ವಾ?

ಆದರೂ ನಿಮ್ಮ ಜೀನ್‌ನ ಪ್ರೋಟೀನ್ ಬ್ಯಾಕ್ಟೀರಿಯಾಕ್ಕೆ ವಿಷವಾಗುವಂತಿದ್ದರೆ ಕಡಿಮೆ ಪ್ರತಿಯ ಪಿಬಿಆರ್ ವಾಸಿ. ತುಣುಕು 100 ಕಿಲೋಬೇಸ್ (ಒಂದು ಲಕ್ಷ ಡಿಎನ್‌ಎ ಅಕ್ಷರ) ದಾಟಿದರೆ ಎರಡನ್ನೂ ಬಿಟ್ಟು, ದೊಡ್ಡ ತುಣುಕು ಹೊರುವ ಬ್ಯಾಕ್ (BAC) ವೆಕ್ಟರ್ ನೋಡಿ.