ಮೂರು ಪಾತ್ರೆಯ ಅಸ್ತ್ರ ಒಲೆ: ಹನ್ನೆರಡು ವರ್ಷ ದಿನಾ ಉರಿದ ಮೇಲೆ

ಸೌದೆ ಉಳಿಸೋದರಲ್ಲಿ, ಅಡುಗೆಮನೆಯನ್ನು ಹೊಗೆಯಿಂದ ಬಿಡಿಸೋದರಲ್ಲಿ ಅಸ್ತ್ರ ಒಲೆ ಈಗಲೂ ಬಹಳ ಒಳ್ಳೆಯ ಒಲೆ. ಆದರೆ ಈ ಮಾತು ನಿಲ್ಲೋದು ಪಾತ್ರೆ ಕೂರುವ ಬಾಯಿಗಳಲ್ಲಿ ಸಂದು ಬಿಡದಷ್ಟು ದಿನ ಮಾತ್ರ. "ಹೊಗೆ ಕಾರುತ್ತೆ, ಒಲೆ ಕೆಟ್ಟುಹೋಯ್ತು" ಅಂತ ಒಡೆದುಹಾಕಿದ ಎಷ್ಟೋ ಒಲೆಗಳಲ್ಲಿ ಕೆಟ್ಟಿದ್ದು ಅಂಚಿನ ಒಂದು ಇಂಚು ಮಣ್ಣು. ಆ ಅಂಚನ್ನು ವರ್ಷಕ್ಕೊಮ್ಮೆ ಹೊಸದು ಮಾಡೋದು ಗೊತ್ತಿದ್ದವರ ಮನೆಯಲ್ಲಿ ಒಲೆ ಹಾಗೇ ನಡೀತಾ ಇದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ: ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ, ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗೆ ತಲುಪಿಸುವ 'ಅಸ್ತ್ರ' (ASTRA) ಘಟಕ ರೂಪಿಸಿದ ಒಲೆ ಇದು. ಆ ಘಟಕದ ಹಳ್ಳಿ ಕೇಂದ್ರ ಇದ್ದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಸಾಲಾಗಿ ಮೂರು ಬಾಯಿ, ಮೊದಲನೆಯದರ ಕೆಳಗೆ ಉರಿಗೂಡು, ಅದರಡಿ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಬೂದಿಗುಂಡಿ. ಉರಿ ಮೊದಲ ಪಾತ್ರೆಗೆ ಬಡಿದು, ಒಳಸುರಂಗದಲ್ಲಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ ಚಿಮಣಿ ಸೇರುತ್ತದೆ. ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ಶೇಕಡ 10ರ ಆಸುಪಾಸು ಪಾತ್ರೆಗೆ ಸೇರಿದರೆ, ಇದು ಪ್ರಯೋಗಾಲಯದಲ್ಲಿ ಶೇಕಡ 40 ದಾಟಿತ್ತು. ಅಡುಗೆಮನೆಯಲ್ಲಿ ಅಷ್ಟು ಸಿಗೋದಿಲ್ಲ, ಸಿಗದಿರೋದಕ್ಕೆ ದೊಡ್ಡ ಕಾರಣ ಈ ಸಂದುಗಳೇ.

ಯಾಕೆ ಅಂತ ಒಂದು ಲೆಕ್ಕ ನೋಡಿ. ಚಿಮಣಿ 3 ಮೀಟರ್, ಒಳಗಿನ ಬಿಸಿಗಾಳಿ 150 ಡಿಗ್ರಿ, ಹೊರಗೆ 27 ಡಿಗ್ರಿ ಅಂದುಕೊಂಡರೆ ಅದರ ಎಳೆತ (ಹೊಗೆಯನ್ನು ಮೇಲಕ್ಕೆ ಸೆಳೆಯುವ ಬಲ) ಸುಮಾರು 10 ಪ್ಯಾಸ್ಕಲ್. ಅಂದರೆ ಒಂದು ಮಿಲಿಮೀಟರ್ ಎತ್ತರದ ನೀರು ಒತ್ತುವಷ್ಟು, ಅಷ್ಟೇ. ಒಲೆ ಉರಿಯೋದೆಲ್ಲ ಅದರ ಮೇಲೆ. ಈಗ 24, 22, 20 ಸೆಂ.ಮೀ. ಅಗಲದ ಮೂರು ಬಾಯಿಗಳ ಸುತ್ತಳತೆ ಸೇರಿಸಿದರೆ 207 ಸೆಂ.ಮೀ. ಸುತ್ತಲೂ 2 ಮಿ.ಮೀ. ಸಂದು ಬಿಟ್ಟರೆ ಒಟ್ಟು 41 ಚದರ ಸೆಂ.ಮೀ. ತೂತು. ಮೂರಿಂಚಿನ ಚಿಮಣಿ ಕೊಳವೆಯ ಬಾಯಿ 46 ಚದರ ಸೆಂ.ಮೀ., ನಾಲ್ಕಿಂಚಿನದು 81. ಕಣ್ಣಿಗೆ ಕಾಣದಂಥ ಸಂದು ಒಟ್ಟಾಗಿ ಇನ್ನೊಂದು ಚಿಮಣಿಯಷ್ಟು ತೂತು ಮಾಡಿಬಿಟ್ಟಿರುತ್ತೆ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಸಂದು ಬಿಟ್ಟ ಕೂಡಲೇ ಹೊಗೆ ಹೊರಗೆ ಬರೋದಿಲ್ಲ. ಚಿಮಣಿ ಚೆನ್ನಾಗಿ ಎಳೀತಿರುವಾಗ ಆ ಸಂದಿನಿಂದ ತಣ್ಣನೆ ಗಾಳಿ ಒಳಗೆ ಹೋಗುತ್ತೆ. ಒಳಗಿನ ಬಿಸಿ ಆರುತ್ತೆ, ಎರಡನೇ ಪಾತ್ರೆಯ ಸಾರು ಕುದಿಯೋದು ತಡವಾಗುತ್ತೆ, ಮೂರನೆಯದರ ನೀರು ಬೆಚ್ಚಗಷ್ಟೇ ಆಗುತ್ತೆ. ಇದೇ ಮೊದಲ ಲಕ್ಷಣ. ಬಿಸಿ ಆರಿದ ಚಿಮಣಿ ದಿನೇ ದಿನೇ ಸೋತು, ಮಸಿ ಕಟ್ಟಿ, ಕೊನೆಗೊಂದು ದಿನ ಹೊಗೆ ತಿರುಗಿ ಹೊರಗೆ ಬರುತ್ತೆ. ಆ ಹೊತ್ತಿಗೆ ರೋಗ ಹಳೆಯದಾಗಿರುತ್ತೆ.

ಪರೀಕ್ಷೆಗೆ ಊದುಬತ್ತಿ ಸಾಕು. ಒಲೆ ಹತ್ತಿ ಕಾಲು ಗಂಟೆ ಆದ ಮೇಲೆ, ಫ್ಯಾನು ಆರಿಸಿ, ಹಚ್ಚಿದ ಊದುಬತ್ತಿಯನ್ನು ಪಾತ್ರೆಯ ಅಂಚಿಗೆ ಒಂದು ಬೆರಳಿನಷ್ಟು ದೂರದಲ್ಲಿ ಹಿಡಿದು ನಿಧಾನಕ್ಕೆ ಸುತ್ತ ತನ್ನಿ. ಹೊಗೆಯ ಎಳೆ ನೆಟ್ಟಗೆ ಮೇಲಕ್ಕೆ ಹೋದರೆ ಅಲ್ಲಿ ಸಂದಿಲ್ಲ. ಎಳೆ ಬಾಗಿ ಪಾತ್ರೆಯ ಬುಡಕ್ಕೆ ನುಗ್ಗಿದರೆ ಅಲ್ಲಿ ಸಂದಿದೆ, ಚಿಮಣಿ ಚೆನ್ನಾಗಿದೆ. ಎಳೆಯನ್ನು ಹೊರಕ್ಕೆ ತಳ್ಳಿದರೆ ಸಂದಿನ ಜೊತೆಗೆ ಚಿಮಣಿಯೋ ಸುರಂಗವೋ ಕಟ್ಟಿಕೊಂಡಿದೆ, ಮೊದಲು ಅದನ್ನು ಬಿಡಿಸಬೇಕು. ಸಂದಿರುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ಒಲೆ ಆರಿದ ಮೇಲೆ ಆ ಜಾಗ ಕಣ್ಣಿಗೆ ಸಿಗೋದಿಲ್ಲ.

ಅಂಚು ಬೇಗ ಸವೆಯೋದು ಮುದ್ದೆ ಮಾಡುವ ಮನೆಗಳಲ್ಲಿ. ಪಾತ್ರೆಯನ್ನು ಒಲೆ ಮೇಲೇ ಬಿಟ್ಟು, ಕವೆಗೋಲಿನಲ್ಲಿ ಅದುಮಿ ಹಿಡಿದು, ಮುದ್ದೆ ಕೋಲಿನಲ್ಲಿ ಹಿಟ್ಟು ತಿರುವಿದರೆ ಆ ಬಲವೆಲ್ಲ ಮಣ್ಣಿನ ಅಂಚಿನ ಮೇಲೆ ಬೀಳುತ್ತೆ, ಮೂರೇ ತಿಂಗಳಿಗೆ ಅಂಚು ಉದುರುತ್ತೆ. ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ, ಸಿಂಬಿಯ ಮೇಲೆ ಕೂರಿಸಿ ತಿರುವಬೇಕು. ಇಳಿಸಿದ ಬಾಯಿಗೆ ಕೂಡಲೇ ನೀರಿನ ಪಾತ್ರೆಯೋ ತಟ್ಟೆಯೋ ಇಡಿ, ತೆರೆದು ಬಿಟ್ಟರೆ ಎಳೆತವೆಲ್ಲ ಅಲ್ಲೇ ಹೋಗುತ್ತೆ. ಎರಡನೇ ಶತ್ರು ಉಕ್ಕುವ ಗಂಜಿ. ಬಿಸಿ ಅಂಚಿನ ಮೇಲೆ ಅದು ಚಕ್ಕೆಯಾಗಿ ಗಟ್ಟಿಯಾಗುತ್ತೆ, ಮಾರನೇ ದಿನ ಪಾತ್ರೆ ಆ ಚಕ್ಕೆಯ ಮೇಲೆ ಒಂದು ಕಡೆ ಎತ್ತಿ ಕೂರುತ್ತೆ, ಎದುರು ಕಡೆ ಸಂದು. ದಿನಾ ಬೆಳಿಗ್ಗೆ ಬೂದಿ ತೆಗೆಯುವಾಗ ಒಣ ತೆಂಗಿನ ನಾರಿನಲ್ಲಿ ಅಂಚು ಉಜ್ಜಿಬಿಟ್ಟರೆ ಇದು ಆಗೋದೇ ಇಲ್ಲ.

ರಿಪೇರಿಗೆ ಸಿಮೆಂಟು ಬೇಡ. ಮೇಸ್ತ್ರಿಗಳು ಬೇಗ ಮುಗಿಯುತ್ತೆ ಅಂತ ಅದನ್ನೇ ಮೆತ್ತುತ್ತಾರೆ. ಸಾಮಾನ್ಯ ಸಿಮೆಂಟಿನ ಬಂಧ 400–500 ಡಿಗ್ರಿಯಲ್ಲಿ ಕಳಚಿಕೊಳ್ಳುತ್ತೆ, ಉರಿಗೂಡಿನ ಹತ್ತಿರ ಅಷ್ಟು ಬಿಸಿ ಸುಲಭವಾಗಿ ಬರುತ್ತೆ. ಸಿಮೆಂಟು ಪುಡಿಯಾಗುವುದರ ಜೊತೆಗೆ ಅಡಿಯ ಮಣ್ಣನ್ನೂ ಕಿತ್ತುಕೊಂಡು ಬರುತ್ತೆ. ಹೊರಮೈಗೆ ಬೇಕಾದರೆ ಗಾರೆ ಮಾಡಿಸಿ, ಬಾಯಿಯ ಅಂಚಿನಿಂದ ನಾಲ್ಕು ಬೆರಳು ದೂರ ನಿಲ್ಲಿಸಿ.

ಅಂಚಿಗೆ ಬೇಕಾದ್ದು ಹುತ್ತದ ಮಣ್ಣು ಅಥವಾ ಕೆರೆಯ ಜೇಡಿಮಣ್ಣು ಒಂದು ಪಾಲು, ಜರಡಿ ಹಿಡಿದ ಮರಳು ಎರಡು ಪಾಲು, ಭತ್ತದ ಹೊಟ್ಟಿನ ಬೂದಿ ಅರ್ಧ ಪಾಲು, ಒಂದು ಹಿಡಿ ಸಗಣಿ. ಮೂರು ಬಾಯಿಗೂ ಸೇರಿ ಒಂದು ಬಾಣಲಿಯಷ್ಟು ಸಾಕು. ಕಲಸಿ, ತುಳಿದು, ಒದ್ದೆ ಗೋಣಿ ಮುಚ್ಚಿ ಎರಡು ದಿನ ಕೊಳೆಯಲು ಬಿಡಿ. ಮಣ್ಣು ಊರೂರಿಗೆ ಬೇರೆ, ಆದ್ದರಿಂದ ಅಳತೆ ನಂಬಿ ಕೂರಬೇಡಿ: ಒಂದು ಗೇಣುದ್ದದ ಪಟ್ಟಿ ಮಾಡಿ ನೆರಳಲ್ಲಿ ಒಣಗಿಸಿ. ಸೀಳಿದರೆ ಮರಳು ಕಮ್ಮಿಯಾಗಿದೆ. ಬೆರಳಲ್ಲಿ ತಿಕ್ಕಿದರೆ ಪುಡಿ ಉದುರಿದರೆ ಮರಳು ಜಾಸ್ತಿಯಾಗಿದೆ.

ಒಲೆ ಒಂದು ದಿನ ಪೂರ್ತಿ ಆರಿರಬೇಕು. ಹಳೆಯ ಅಂಚನ್ನು ಹಳೇ ಚಾಕುವಿನಲ್ಲಿ ಗಟ್ಟಿ ಮಣ್ಣು ಸಿಗುವವರೆಗೆ ಕೆರೆಯಿರಿ, ಒಂದು ಸೆಂಟಿಮೀಟರಿಗಿಂತ ಕಮ್ಮಿ ಬೇಡ, ತೆಳುವಾಗಿ ಮೆತ್ತಿದ್ದು ನಿಲ್ಲೋದಿಲ್ಲ. ಧೂಳು ಪೂರ್ತಿ ಗುಡಿಸಿ. ಆಮೇಲೆ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಚಿಮುಕಿಸಿ, ನೀರು ಹೀರೋದು ನಿಧಾನವಾಗುವ ತನಕ. ಈ ಹೆಜ್ಜೆ ಬಿಟ್ಟವರದೇ ರಿಪೇರಿ ವಾರಕ್ಕೆ ಕಿತ್ತು ಬರೋದು: ಸುಟ್ಟ ಹಳೇ ಮಣ್ಣು ಹೊಸ ಮಣ್ಣಿನ ನೀರನ್ನು ಹೀರಿಬಿಡುತ್ತೆ, ಎರಡೂ ಹಿಡಿದುಕೊಳ್ಳೋ ಮೊದಲೇ ಹೊಸದು ಒಣಗಿ ಬಿಡಿಸಿಕೊಳ್ಳುತ್ತೆ. ಅದೇ ಮಣ್ಣನ್ನು ಮಜ್ಜಿಗೆಯ ಹದಕ್ಕೆ ಕದಡಿ ಒಂದು ಕೈ ಬಳಿದು, ಹೆಬ್ಬೆರಳು ದಪ್ಪದ ಮಣ್ಣಿನ ಬತ್ತಿ ಹೊಸೆದು ಬಾಯಿಯ ಸುತ್ತ ಒತ್ತಿ ಕೂರಿಸಿ.

ಈಗ ಆ ಬಾಯಿಗೆ ದಿನಾ ಇಡುವ ಪಾತ್ರೆಯನ್ನೇ ತಗೊಳ್ಳಿ. ಹೊರಗಿನ ಬುಡಕ್ಕೆ ಎಣ್ಣೆ ಸವರಿ, ಅದರ ಮೇಲೆ ನುಣ್ಣನೆ ಬೂದಿ ಉದುರಿಸಿ, ನೆಟ್ಟಗೆ ಒತ್ತಿ. ಪಾತ್ರೆ ಪೂರ್ತಿ ಗುಂಡಗಿದ್ದರೆ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸಿ ಮೇಲೆತ್ತಿ. ಅಂಚಿನಲ್ಲಿ ಕನ್ನಡಿಯಂಥ ಹೊಳಪಿನ ಪಟ್ಟಿ ಎದ್ದಿರಬೇಕು. ಹೊಳಪು ಎಲ್ಲಿ ತುಂಡಾಗಿದೆಯೋ ಅಲ್ಲಿ ಮಣ್ಣು ಸಾಲದು, ಹಚ್ಚಿ ಮತ್ತೆ ಒತ್ತಿ. ಹಳೇ ಪಾತ್ರೆ ತಗ್ಗಿ ಸೊಟ್ಟಗಾಗಿದ್ದರೆ ತಿರುಗಿಸಬೇಡಿ, ಕಂಠದ ಮೇಲೆ ಒಂದು ಗುರುತು ಕೊರೆದು ಯಾವಾಗಲೂ ಅದು ಮುಂದಕ್ಕೆ ಬರುವಂತೆ ಇಡಿ.

ಮೊದಲ ದಿನ ಒದ್ದೆ ಬಟ್ಟೆ ಮುಚ್ಚಿಡಿ. ಮಾರನೇ ದಿನ ಉಗುರು ಊರಿದರೆ ಗುರುತು ಬಿದ್ದು ಮಣ್ಣು ಅಂಟದ ಹದಕ್ಕೆ ಬಂದಾಗ ಪಾತ್ರೆ ಇನ್ನೊಮ್ಮೆ ಒತ್ತಿ, ಒಣಗುವಾಗ ಕುಗ್ಗಿದ್ದು ಸರಿಹೋಗುತ್ತೆ. ಕೂದಲೆಳೆಯ ಬಿರುಕಿಗೆ ಕದಡಿದ ಮಣ್ಣು ಸವರಿ. ಮತ್ತೆರಡು ದಿನ ನೆರಳು, ಮಳೆಗಾಲದಲ್ಲಿ ಐದು. ಆಮೇಲೆ ಎರಡು ದಿನ ಬರೀ ಪುಳ್ಳೆಯಲ್ಲಿ ಅರ್ಧ ಗಂಟೆ ಸಣ್ಣ ಉರಿ. ಅವಸರಕ್ಕೆ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಮಣ್ಣನ್ನು ಸಿಡಿಸುತ್ತೆ.

ಅಂಚು ಸವೆದಾಗ ಇನ್ನೊಂದು ತೊಂದರೆ ಕಾಣದಂತೆ ಬೆಳೆಯುತ್ತೆ. ಪಾತ್ರೆ ಸ್ವಲ್ಪ ಸ್ವಲ್ಪವೇ ಕೆಳಗಿಳಿದು, ಎರಡನೇ, ಮೂರನೇ ಬಾಯಿಯ ಅಡಿಯಲ್ಲಿರುವ ದಿಬ್ಬಕ್ಕೆ ಹತ್ತಿರವಾಗುತ್ತೆ. ಉರಿಯನ್ನು ಪಾತ್ರೆಯ ತಳಕ್ಕೆ ತಾಗಿಸೋಕೆಂದೇ ಇರುವ ದಿಬ್ಬ ಅದು. ಅದಕ್ಕೂ ತಳಕ್ಕೂ ಸುಮಾರು 2 ಸೆಂ.ಮೀ. ಜಾಗ ಬೇಕು. ಅದು ಒಂದಕ್ಕೆ ಇಳಿದರೆ ದಾರಿ ಕಟ್ಟಿ, ಹೊಗೆ ಸೌದೆ ಬಾಯಿಂದಲೇ ವಾಪಸ್ಸು. ಅಳೆಯೋದು ಸುಲಭ: ಮೆತ್ತನೆ ಮಣ್ಣಿನ ಉಂಡೆ ದಿಬ್ಬದ ಮೇಲಿಟ್ಟು, ಪಾತ್ರೆ ಕೂರಿಸಿ, ತೆಗೆದು, ಚಪ್ಪಟೆಯಾದ ಉಂಡೆಯ ದಪ್ಪ ನೋಡಿ. ಕಮ್ಮಿಯಿದ್ದರೆ ದಿಬ್ಬ ಕೆರೆಯಬೇಡಿ, ಅಂಚನ್ನು ಎತ್ತರಿಸಿ.

ಅಂಚಿನ ಬದಲು ಕಬ್ಬಿಣದ ಬಳೆ ಕೂರಿಸೋದು ಉಂಟು. ಸವೆಯೋದಿಲ್ಲ, ನಿಜ. ಆದರೆ 24 ಸೆಂ.ಮೀ. ಬಳೆ 400 ಡಿಗ್ರಿ ಏರಿದರೆ ಅಡ್ಡಳತೆಯಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುತ್ತೆ, ಬಿಗಿಯಾಗಿ ಹೂತಿದ್ದರೆ ಸುತ್ತಲ ಮಣ್ಣು ಒಡೆಯುತ್ತೆ. ಸುತ್ತ 3 ಮಿ.ಮೀ. ಬಿಟ್ಟು ಬೂದಿ ತುಂಬಿ ಕೂರಿಸಿದರೆ ನಿಲ್ಲುತ್ತೆ. ಮುದ್ದೆ ಮಾಡುವ ಮೊದಲ ಬಾಯಿಗೆ ಇದು ಒಳ್ಳೆಯದು, ಉಳಿದೆರಡಕ್ಕೆ ಮಣ್ಣೇ ಸಾಕು.

ಜಾಲರಿ ಬೇಗ ಬಾಗಿದರೆ ಅದರ ಗುಣಮಟ್ಟ ಬೈಯುವ ಮೊದಲು ಬೂದಿಗುಂಡಿ ನೋಡಿ. ಬೂದಿ ಏರಿ ಜಾಲರಿಗೆ ತಾಗಿದರೆ ಕೆಳಗಿಂದ ಗಾಳಿ ಆಡೋದಿಲ್ಲ, ಸರಳುಗಳು ಕೆಂಪಗೆ ಕಾದು ಬಾಗುತ್ತವೆ. ತೆಂಗಿನ ಚಿಪ್ಪು ಹೆಚ್ಚು ಹಾಕುವವರು ದಿನಕ್ಕೆರಡು ಸಲ ತೆಗೆಯಲೇಬೇಕು. ಸುರಂಗದೊಳಗಿನ ಹಾರುಬೂದಿ ವಾರಕ್ಕೊಮ್ಮೆ, ಚಿಮಣಿ ತಿಂಗಳಿಗೊಮ್ಮೆ. ಹಸಿ ಸೌದೆ ಉರಿಸಿದರೆ ಚಿಮಣಿಯಲ್ಲಿ ಮಸಿಯ ಬದಲು ಡಾಂಬರಿನಂಥ ಅಂಟು ಕೂರುತ್ತೆ, ಅದು ಕೆರೆದರೂ ಬರೋದಿಲ್ಲ, ಬೆಂಕಿ ಹಿಡಿಯುವ ಅಪಾಯ ಬೇರೆ.

ಚಿಮಣಿ ಕೊಳವೆ ಒಲೆಯ ಮೈಗೆ ಸೇರುವ ಜಾಗ ಇನ್ನೊಂದು ಸೋರುವ ಕೀಲು. ಅಲ್ಲಿ 10 ಮಿ.ಮೀ. ದಪ್ಪದ ಗ್ಲಾಸ್ ಫೈಬರ್ ಹಗ್ಗ ಎರಡು ಸುತ್ತು ತುರುಕಿ, ಮೇಲೆ ಮಣ್ಣು ಮೆತ್ತಿದರೆ ಕೊಳವೆ ಹಿಗ್ಗಿದರೂ ಕುಗ್ಗಿದರೂ ಬಿರುಕು ಬಿಡೋದಿಲ್ಲ. ಅಂಗಡಿಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಹಗ್ಗ ಕೊಟ್ಟರೆ ದಯವಿಟ್ಟು ಬೇಡ ಅನ್ನಿ. ಹಳೆಯ ಒಲೆಗಳ ಕೊಳವೆಯೂ ಹೆಚ್ಚಾಗಿ ಕಲ್ನಾರಿನ ಸಿಮೆಂಟಿನದೇ. ಅದನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬಾರದು, ಒಣಗಿದ್ದಾಗ ಗರಗಸ ಹಾಕಬಾರದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಮೇಲಿಂದ ಎಳೆದರೆ ಮಸಿ ಬೀಳುತ್ತೆ.

ಇಷ್ಟವಾಗದ್ದೂ ಇದೆ. ಸೌದೆಯನ್ನು ಒಂದು ಗೇಣುದ್ದ, ಎರಡು ಬೆರಳು ದಪ್ಪಕ್ಕೆ ಸೀಳಬೇಕು, ಇಲ್ಲದಿದ್ದರೆ ಸೌದೆ ಬಾಯಿಯ ಮುಚ್ಚಳ ಮುಚ್ಚೋಕಾಗದೆ ಅರ್ಧ ಲಾಭ ಹೋಗುತ್ತೆ. ಆ ದುಡಿಮೆ ಬಹಳ ಮನೆಗಳಲ್ಲಿ ಹೆಂಗಸರ ತಲೆಗೇ ಬೀಳುತ್ತೆ, ಕಟ್ಟಿಸುವ ಮೊದಲೇ ಯಾರು ಸೀಳಬೇಕು ಅಂತ ಮಾತಾಗಲಿ. ರೊಟ್ಟಿ ಹಂಚು ಬಾಯೊಳಗೆ ಇಳಿಯೋದಿಲ್ಲ, ದಿನಾ ರೊಟ್ಟಿ ಸುಡುವ ಮನೆಗಳಿಗೆ ಈ ಒಲೆ ಅಷ್ಟಾಗಿ ಒಗ್ಗೋದಿಲ್ಲ. ನೆಂಟರು ಬಂದಾಗ ದೊಡ್ಡ ಪಾತ್ರೆ ಇಡೋಣ ಅಂದರೂ ಆಗೋದಿಲ್ಲ.

ಹೊಸದಾಗಿ ಕಟ್ಟಿಸುವವರು ಮೂರೂ ಪಾತ್ರೆಗಳನ್ನು ಮೊದಲೇ ಕೊಂಡು, ಅವನ್ನೇ ಮೇಸ್ತ್ರಿಯ ಮುಂದಿಟ್ಟು ಬಾಯಿ ಕಟ್ಟಿಸಿ. ಅದೇ ಅಳತೆಯ ಇನ್ನೊಂದು ಜೊತೆ ಅಟ್ಟದ ಮೇಲಿರಲಿ. ಚಿಮಣಿಯ ಬುಡದಲ್ಲಿ ಕೈ ಹೋಗುವಷ್ಟು ಕಿಂಡಿ ಬಿಡಿಸಿ, ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಮುಚ್ಚಿಕೊಳ್ಳಬಹುದು. ಮಸಿ ತೆಗೆಯೋಕೆ ಅದು ಬೇಕು. ಮಳೆಗಾಲದ ಬೆಳಿಗ್ಗೆ ತಣ್ಣಗಾದ ಚಿಮಣಿ ಎಳೆಯದಿದ್ದಾಗ, ಅದೇ ಕಿಂಡಿಯಲ್ಲಿ ಒಂದು ಒಣ ತೆಂಗಿನ ಗರಿ ಉರಿಸಿ ಮುಚ್ಚಿದರೆ ಒಲೆ ಹೊಗೆಯಿಲ್ಲದೆ ಹತ್ತಿಕೊಳ್ಳುತ್ತೆ.